ವಿಚಾರಣೆಯೇ ನಡೆಯದೆ ಕೇಸು ಮುಗಿದರೆ ಖರ್ಚು ಯಾರ ತಲೆ ಮೇಲೆ?

ರಾಷ್ಟ್ರೀಯ ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಗಳಲ್ಲಿ ‘ಇಷ್ಟು ಲಕ್ಷ ಪ್ರಕರಣ ಇತ್ಯರ್ಥ’ ಎಂಬ ಸುದ್ದಿ ಬರುತ್ತದೆ. 2025ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ದೇಶದ ಎಲ್ಲ ಕಡೆ 90 ದಿನಗಳ ಮಧ್ಯಸ್ಥಿಕೆ ಅಭಿಯಾನವೂ ನಡೆಯಿತು. ಇದರ ಜೊತೆಗೆ ‘ದಾವೆ ವಾಪಸ್’, ‘ರಾಜಿಯಲ್ಲಿ ಮುಗಿದ ಆಸ್ತಿ ಜಗಳ’ ಎಂಬ ಸುದ್ದಿಗಳು ಆಗಾಗ ಕಾಣುತ್ತವೆ. ಓದಿದವರಿಗೆ ಒಂದು ಗೊಂದಲ ಉಳಿದುಬಿಡುತ್ತದೆ. ತೀರ್ಪು ಬರಲಿಲ್ಲ. ಗೆದ್ದವರು ಯಾರು, ಸೋತವರು ಯಾರು ಅಂತ ಯಾರೂ ಹೇಳಲಿಲ್ಲ. ಹಾಗಾದರೆ ಇಷ್ಟು ವರ್ಷದ ವಕೀಲರ ಫೀಸು, ಕೋರ್ಟ್ ಫೀ, ಓಡಾಟದ ಖರ್ಚು ಇವೆಲ್ಲ ಯಾರು ಕೊಡಬೇಕು?

ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟೇ: ಅವರವರ ಖರ್ಚು ಅವರವರದ್ದು. ಹೀಗಾಗಿ ಕಾನೂನೇ ಹಾಗಿದೆ ಅಂತ ಬಹಳ ಜನ ನಂಬಿದ್ದಾರೆ. ಆದರೆ ಕಾನೂನಿನಲ್ಲಿ ಬರೆದಿರುವುದು ಬೇರೆ. ಕೇಸು ವಿಚಾರಣೆಗೆ ಮೊದಲೇ ಮುಗಿದರೂ ಖರ್ಚು ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ, ಕೆಲವು ಕಡೆ ಸ್ಪಷ್ಟ ಸೂಚನೆಯೂ ಇದೆ. ಅದನ್ನು ಕೇಳುವವರು ಕಡಿಮೆ. ಕೇಳದಿದ್ದರೆ ಕೊಡಿಸುವವರೂ ಕಡಿಮೆ.

ಮೊದಲು ಎರಡು ಲೆಕ್ಕ ಬೇರೆ ಮಾಡಿಕೊಳ್ಳಬೇಕು

ನಾವು ನಮ್ಮ ವಕೀಲರಿಗೆ ಕೊಡುವ ಫೀಸು ನಮಗೂ ಅವರಿಗೂ ನಡುವಿನ ಒಪ್ಪಂದ. ಕೇಸು ಅರ್ಧದಲ್ಲಿ ನಿಂತಿತು, ಆದ್ದರಿಂದ ಫೀಸು ಕೊಡುವುದಿಲ್ಲ ಅಂತ ಹೇಳಲು ಬರುವುದಿಲ್ಲ. ಮಾಡಿದ ಕೆಲಸಕ್ಕೆ ಹಣ ಕೊಡಲೇಬೇಕು. ‘ಗೆದ್ದರೆ ಇಷ್ಟು ಪಾಲು’ ಎಂಬ ಕರಾರನ್ನು ವಕೀಲರು ಮಾಡಿಕೊಳ್ಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ಅದನ್ನು ತಡೆಯುತ್ತದೆ. ಅದೇ ರೀತಿ, ಫೀಸು ಬಾಕಿ ಇದೆ ಎಂದು ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಎರಡನೆಯ ಲೆಕ್ಕ ಎದುರು ಪಾರ್ಟಿಯಿಂದ ಬರಬೇಕಾದ ಹಣ. ಕೋರ್ಟಿನ ಭಾಷೆಯಲ್ಲಿ ‘ದಾವೆಯ ಖರ್ಚು’ ಅಥವಾ ಸುಮ್ನೆ ‘ಕಾಸ್ಟ್’ ಅಂದರೆ ಇದು. ಈ ಲೇಖನ ಅದರ ಬಗ್ಗೆ. ಕೋರ್ಟ್ ಫೀ, ನೋಟಿಸಿನ ಖರ್ಚು, ಟೈಪಿಂಗ್, ದಾಖಲೆ ಪರಿಶೀಲನೆ, ಸಾಕ್ಷಿಗಳನ್ನು ಕರೆತಂದ ಖರ್ಚು, ನಿಯಮದಲ್ಲಿ ಹೇಳಿರುವಷ್ಟು ವಕೀಲರ ಫೀಸು ಇದರಲ್ಲಿ ಬರುತ್ತವೆ. ಅಂದರೆ ನಿಮ್ಮ ಕೈಯಿಂದ ಹೋದ ಹಣವೆಲ್ಲ ಇದರಲ್ಲಿ ಬರುವುದಿಲ್ಲ. ವಕೀಲರಿಗೆ ಒಂದು ಲಕ್ಷ ಕೊಟ್ಟಿದ್ದರೂ ಕಾಸ್ಟ್ ಲೆಕ್ಕದಲ್ಲಿ ಸೇರುವುದು ನಿಯಮದ ಪಟ್ಟಿಯಲ್ಲಿರುವ ಮೊತ್ತ, ಅದು ತುಂಬಾ ಚಿಕ್ಕದಿರುತ್ತದೆ.

ಮೂಲ ನಿಯಮ ಏನು?

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿ, ಇದರ ಸೆಕ್ಷನ್ 35 ಖರ್ಚಿನ ಮೂಲ. ಯಾರು ಕೊಡಬೇಕು, ಎಷ್ಟು ಕೊಡಬೇಕು ಎಂಬುದು ಕೋರ್ಟಿನ ವಿವೇಚನೆ. ಆದರೆ ಆ ವಿವೇಚನೆಗೆ ಒಂದು ದಾರಿ ಹಾಕಿಟ್ಟಿದ್ದಾರೆ. ಸಾಮಾನ್ಯವಾಗಿ ಸೋತವರು ಗೆದ್ದವರ ಖರ್ಚು ಕೊಡಬೇಕು. ಹಾಗೆ ಕೊಡಿಸದಿದ್ದರೆ ನ್ಯಾಯಾಧೀಶರು ಅದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಹೇಳಬೇಕು. ಇದು ಸೆಕ್ಷನ್ 35ರ ಎರಡನೇ ಉಪವಿಧಿ.

ವಿಚಾರಣೆ ನಡೆದು ತೀರ್ಪು ಬಂದಾಗ ಈ ನಿಯಮ ಹಚ್ಚುವುದು ಸುಲಭ. ದಾವೆ ಡಿಕ್ರಿ ಆಯಿತೋ, ಅಂದರೆ ವಾದಿಯ ಪರ ಆಯಿತೋ, ಇಲ್ಲ ವಜಾ ಆಯಿತೋ ನೋಡಿದರೆ ಸಾಕು. ತೊಂದರೆ ಶುರುವಾಗುವುದು ತೀರ್ಪೇ ಇಲ್ಲದಾಗ. ವಾದಿ ತಾನಾಗಿಯೇ ದಾವೆ ವಾಪಸ್ ತೆಗೆದುಕೊಂಡರೆ ಅದು ಸೋಲೇ? ಅಣ್ಣತಮ್ಮಂದಿರು ರಾಜಿ ಮಾಡಿಕೊಂಡರೆ ಯಾರು ಗೆದ್ದರು? ಕಟ್ಟಡ ಕಟ್ಟಬಾರದು ಎಂದು ದಾವೆ ಹಾಕಿದರು, ತಡೆಯಾಜ್ಞೆ ಸಿಗಲಿಲ್ಲ, ಕಟ್ಟಡ ಎದ್ದು ನಿಂತಿತು, ದಾವೆಗೆ ಅರ್ಥವೇ ಉಳಿಯಲಿಲ್ಲ. ಇಲ್ಲಿ ತಪ್ಪು ಯಾರದ್ದು?

ಸಿಪಿಸಿ ಇದಕ್ಕೆಲ್ಲ ಒಂದೇ ಉತ್ತರ ಕೊಡುವುದಿಲ್ಲ. ಕೇಸು ಯಾವ ರೀತಿ ಮುಗಿಯಿತು ಎಂಬುದರ ಮೇಲೆ ಬೇರೆ ಬೇರೆ ನಿಯಮ ಇಟ್ಟಿದೆ.

ವಾದಿಯೇ ವಾಪಸ್ ತೆಗೆದುಕೊಂಡಾಗ

ಹೆಚ್ಚು ಗೊಂದಲ ಇರುವುದು ಇಲ್ಲಿ. ಸಿಪಿಸಿಯ ಆರ್ಡರ್ 23ರ (ಇಲ್ಲಿ ‘ಆರ್ಡರ್’ ಅಂದರೆ ಸಿಪಿಸಿಯ ಒಂದು ಅಧ್ಯಾಯ) ರೂಲ್ 1 ಪ್ರಕಾರ ವಾದಿ ಯಾವ ಹಂತದಲ್ಲಾದರೂ ದಾವೆಯನ್ನು ಬಿಟ್ಟುಕೊಡಬಹುದು. ಅದರಲ್ಲಿ ಎರಡು ಬಗೆ.

ಮೊದಲನೆಯದು, ಕೋರ್ಟಿನ ಅನುಮತಿ ಪಡೆದು, ಮತ್ತೆ ಹೊಸ ದಾವೆ ಹಾಕುವ ಹಕ್ಕು ಉಳಿಸಿಕೊಂಡು ವಾಪಸ್ ತೆಗೆದುಕೊಳ್ಳುವುದು. ದಾವೆಯಲ್ಲಿ ಏನೋ ತಾಂತ್ರಿಕ ದೋಷ ಇದೆ, ಸರ್ವೆ ನಂಬರ್ ತಪ್ಪಿದೆ, ಸೇರಿಸಬೇಕಾದವರನ್ನು ಸೇರಿಸಿಲ್ಲ ಎಂಬಂಥ ಕಾರಣ ಇರಬೇಕು. ಕೇಳಿದ ತಕ್ಷಣ ಈ ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅನುಮತಿ ಕೊಡುವಾಗ ಕೋರ್ಟ್ ತನಗೆ ಸರಿ ಕಂಡ ಷರತ್ತು ಹಾಕಬಹುದು. ‘ಪ್ರತಿವಾದಿಯ ಇಲ್ಲಿವರೆಗಿನ ಖರ್ಚು ಕೊಟ್ಟು ಹೊಸ ದಾವೆ ಹಾಕು’ ಎಂಬುದೂ ಅಂಥ ಷರತ್ತೇ. ಇಲ್ಲಿ ವಾದಿಗೆ ಕೋರ್ಟಿನಿಂದ ಒಂದು ಅನುಕೂಲ ಬೇಕಾಗಿದೆ. ಆದ್ದರಿಂದ ಖರ್ಚು ಕೊಡಿಸಲು ಇದು ಒಳ್ಳೆಯ ಹೊತ್ತು. ಇನ್ನೊಂದು ವಿಷಯ ನೆನಪಿರಲಿ: ಹೊಸ ದಾವೆಗೆ ಕಾಲಮಿತಿ ಲೆಕ್ಕ ಹಾಕುವಾಗ ಹಳೆಯ ದಾವೆ ಇರಲೇ ಇಲ್ಲ ಎಂಬಂತೆ ಎಣಿಸುತ್ತಾರೆ.

ಎರಡನೆಯದು, ಯಾವ ಅನುಮತಿಯೂ ಇಲ್ಲದೆ ಸುಮ್ಮನೆ ಮೆಮೊ, ಅಂದರೆ ಒಂದು ಚಿಕ್ಕ ಲಿಖಿತ ಮನವಿ, ಹಾಕಿ ವಾಪಸ್ ಹೋಗುವುದು. ಹೀಗೆ ಹೋದರೆ ಅದೇ ವಿಷಯಕ್ಕೆ ಮತ್ತೆ ದಾವೆ ಹಾಕುವಂತಿಲ್ಲ. ಜೊತೆಗೆ ಕೋರ್ಟ್ ವಿಧಿಸುವ ಖರ್ಚಿಗೆ ವಾದಿ ಹೊಣೆ. ನಿಯಮದ ನಾಲ್ಕನೇ ಉಪವಿಧಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಆದರೆ ಖರ್ಚು ಕೊಡಿಸಲೇಬೇಕು ಎಂಬ ಕಡ್ಡಾಯ ಇಲ್ಲ. ಕೋರ್ಟ್ ವಿಧಿಸಿದರೆ ಕೊಡಬೇಕು, ವಿಧಿಸದಿದ್ದರೆ ಇಲ್ಲ. ಇಷ್ಟು ಸಣ್ಣ ಸಂದಿಯಲ್ಲಿ ಎಷ್ಟೋ ಪ್ರತಿವಾದಿಗಳ ಹಣ ಹೋಗುತ್ತದೆ.

ಮೆಮೊ ಹಾಕುವ ದಿನ

ಅದು ಹೇಗೆ ಹೋಗುತ್ತದೆ ಅಂತ ಹತ್ತಿರದಿಂದ ನೋಡಬೇಕು. ಬೆಳಗ್ಗೆ ಕೋರ್ಟ್ ಹಾಲ್‌ನಲ್ಲಿ ಕೇಸು ಕೂಗುತ್ತಾರೆ. ವಾದಿ ಪರ ವಕೀಲರು ಎದ್ದು ಒಂದು ಹಾಳೆ ಮುಂದೆ ಕೊಡುತ್ತಾರೆ. ಅದರಲ್ಲಿ ನಾಲ್ಕೈದು ಸಾಲು: ವಾದಿಗೆ ದಾವೆ ಮುಂದುವರಿಸಲು ಇಷ್ಟವಿಲ್ಲ, ಹಿಂಪಡೆಯಲು ಅವಕಾಶ ಕೊಡಿ. ಕೆಳಗೆ ವಾದಿಯ ಸಹಿ, ವಕೀಲರ ಸಹಿ. ನ್ಯಾಯಾಧೀಶರು ಪ್ರತಿವಾದಿ ಪರ ವಕೀಲರ ಕಡೆ ನೋಡುತ್ತಾರೆ. ಅವರು ‘ನೋ ಅಬ್ಜೆಕ್ಷನ್’ ಅನ್ನುತ್ತಾರೆ. ಆರ್ಡರ್ ಶೀಟಿನಲ್ಲಿ ‘ಮೆಮೊ ದಾಖಲಿಸಿದೆ, ದಾವೆ ಹಿಂಪಡೆದ ಕಾರಣ ವಜಾ’ ಎಂದು ಬರೆಯುತ್ತಾರೆ. ಖರ್ಚಿನ ಮಾತು ಬಂದರೆ ‘ನೋ ಆರ್ಡರ್ ಆಸ್ ಟು ಕಾಸ್ಟ್’ (ಖರ್ಚಿನ ಬಗ್ಗೆ ಆದೇಶ ಇಲ್ಲ) ಎಂದು ಒಂದು ಸಾಲು ಸೇರುತ್ತದೆ. ಮುಂದಿನ ಕೇಸು ಕೂಗುತ್ತಾರೆ. ಮುಗಿಯಿತು.

ಇಲ್ಲಿ ಯಾರೂ ದುರುದ್ದೇಶದಿಂದ ನಡೆದುಕೊಂಡಿಲ್ಲ. ನ್ಯಾಯಾಧೀಶರ ಮುಂದೆ ಆ ದಿನದ ಪಟ್ಟಿ ಉದ್ದ ಇದೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳಲ್ಲಿ 4 ಕೋಟಿಗೂ ಹೆಚ್ಚು ಪ್ರಕರಣ ಬಾಕಿ ಇವೆ, ಅದರಲ್ಲಿ ಸಿವಿಲ್ ಪ್ರಕರಣಗಳೇ 1 ಕೋಟಿಗಿಂತ ಜಾಸ್ತಿ. ಒಂದು ಕೇಸು ತಾನಾಗಿಯೇ ಕಳಚಿಕೊಂಡರೆ ಯಾರು ಬೇಡ ಅನ್ನುತ್ತಾರೆ? ಪ್ರತಿವಾದಿಗೂ ಬಿಡುಗಡೆ ಸಿಕ್ಕಿದ ಖುಷಿ. ಖರ್ಚು ಕೇಳಿದರೆ ವಾದಿ ಮನಸ್ಸು ಬದಲಿಸಿಯಾನು ಎಂಬ ಭಯವೂ ಇರುತ್ತದೆ. ವಕೀಲರು ಇಬ್ಬರೂ ನಾಳೆ ಇನ್ನೊಂದು ಕೇಸಿನಲ್ಲಿ ಎದುರುಬದುರು ನಿಲ್ಲುವವರು. ಎಲ್ಲರಿಗೂ ಇದು ಅನುಕೂಲ, ಹಾಗಾಗಿ ಖರ್ಚಿನ ಪ್ರಶ್ನೆ ಏಳುವುದೇ ಇಲ್ಲ. ಸೆಕ್ಷನ್ 35 ಕೇಳುವ ‘ಬರವಣಿಗೆಯಲ್ಲಿ ಕಾರಣ’ವೂ ಬರುವುದಿಲ್ಲ.

ಒಮ್ಮೆ ಆರ್ಡರ್ ಆದ ಮೇಲೆ ಆ ಖರ್ಚಿಗಾಗಿ ಬೇರೆ ದಾವೆ ಹೂಡಲು ಸಾಮಾನ್ಯವಾಗಿ ಬರುವುದಿಲ್ಲ. ಕೇಸು ನಡೆಸಿದ ಕೋರ್ಟೇ, ಆ ಕೇಸಿನಲ್ಲೇ ತೀರ್ಮಾನಿಸಬೇಕು. ಹಾಗಾಗಿ ಮೆಮೊ ಹಾಕಿದ ಆ ಐದು ನಿಮಿಷಕ್ಕೆ ಅಷ್ಟು ಬೆಲೆ ಇದೆ.

ಬೇರೆ ರೀತಿಯಲ್ಲಿ ಮುಗಿದರೆ

ವಾದಿ ಡೇಟಿಗೆ ಬರಲಿಲ್ಲ, ಪ್ರತಿವಾದಿ ಬಂದಿದ್ದಾನೆ. ಆಗ ಆರ್ಡರ್ 9ರ ರೂಲ್ 8ರಂತೆ ಗೈರುಹಾಜರಿಗಾಗಿ ದಾವೆ ವಜಾ ಆಗುತ್ತದೆ. ಇಲ್ಲೂ ಪ್ರತಿವಾದಿ ಖರ್ಚು ಕೇಳಬಹುದು. ಆದರೆ ಹಣ ನಿಜಕ್ಕೂ ಕೈಗೆ ಬರುವ ಸಾಧ್ಯತೆ ಇರುವುದು ಆಮೇಲೆ. ವಾದಿ ‘ಬಸ್ ತಪ್ಪಿತು, ಜ್ವರ ಬಂದಿತ್ತು, ಕೇಸು ಮತ್ತೆ ತೆಗೆದುಕೊಳ್ಳಿ’ ಅಂತ ಅರ್ಜಿ ಹಾಕುತ್ತಾನೆ. ಆಗ ಕೋರ್ಟ್ ಖರ್ಚಿನ ಷರತ್ತು ಹಾಕಿಯೇ ಮತ್ತೆ ಫೈಲಿಗೆ ತೆಗೆದುಕೊಳ್ಳುವುದು ರೂಢಿ. ಪ್ರತಿವಾದಿ ಬಾರದೆ ಏಕಪಕ್ಷೀಯ ಡಿಕ್ರಿ ಆಗಿ, ಅದನ್ನು ರದ್ದು ಮಾಡಿಸಲು ಬಂದಾಗಲೂ ಹೀಗೇ.

ವಾದಿ ತೀರಿಕೊಂಡರೆ? 90 ದಿನದೊಳಗೆ ವಾರಸುದಾರರು ದಾಖಲೆಗೆ ಬರಬೇಕು. ಯಾರೂ ಅರ್ಜಿ ಹಾಕದಿದ್ದರೆ ಆ ವಾದಿಯ ಮಟ್ಟಿಗೆ ದಾವೆ ತಾನಾಗಿಯೇ ನಿಂತುಹೋಗುತ್ತದೆ. ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಾತು ಆರ್ಡರ್ 22ರಲ್ಲಿದೆ. ಪ್ರತಿವಾದಿ ಅರ್ಜಿ ಹಾಕಿದರೆ, ದಾವೆಯಲ್ಲಿ ತನ್ನ ಪರವಾಗಿ ಮಾಡಿದ ಖರ್ಚನ್ನು ತೀರಿಕೊಂಡ ವಾದಿಯ ಆಸ್ತಿಯಿಂದ ಕೊಡಿಸಬಹುದು. ಇಲ್ಲೂ ಮೊದಲ ಷರತ್ತು ಒಂದೇ, ಪ್ರತಿವಾದಿ ಕೇಳಬೇಕು.

ದಾವೆ ಹಾಕಲು ಕಾರಣವೇ ಇಲ್ಲ, ಅಥವಾ ಕಾಲಮಿತಿ ಮೀರಿದೆ ಎಂದು ಅರ್ಜಿಯನ್ನು ಓದಿದ ಕೂಡಲೇ ಗೊತ್ತಾದರೆ ಕೋರ್ಟ್ ಅದನ್ನು ಬಾಗಿಲಲ್ಲೇ ತಿರಸ್ಕರಿಸುತ್ತದೆ. ಇದು ಆರ್ಡರ್ 7ರ ರೂಲ್ 11. ಸಾಕ್ಷಿ ವಿಚಾರಣೆ ನಡೆಯದಿದ್ದರೂ ಕಾನೂನು ಇದನ್ನು ಡಿಕ್ರಿ, ಅಂದರೆ ಕೋರ್ಟಿನ ವಿಧಿವತ್ತಾದ ತೀರ್ಮಾನ, ಎಂದೇ ಎಣಿಸುತ್ತದೆ. ಸೋತವರು ಯಾರು ಎಂಬುದರಲ್ಲಿ ಅನುಮಾನವಿಲ್ಲ, ಖರ್ಚು ಕೊಡಿಸಲು ಅಡ್ಡಿಯಿಲ್ಲ.

ಬಡವರ ವಿಷಯದಲ್ಲಿ ಒಂದು ಎಚ್ಚರಿಕೆ. ಕೋರ್ಟ್ ಫೀ ಕಟ್ಟಲು ಶಕ್ತಿ ಇಲ್ಲ ಎಂದು ನಿರ್ಗತಿಕ ವಾದಿಯಾಗಿ ದಾವೆ ಹಾಕಲು ಅವಕಾಶ ಇದೆ. ಆದರೆ ದಾವೆ ಸೋತರೆ, ಅಥವಾ ಹಾಜರಾಗದೆ ವಜಾ ಆದರೆ, ಅವತ್ತು ಬಿಟ್ಟಿದ್ದ ಕೋರ್ಟ್ ಫೀಯನ್ನು ಕಟ್ಟುವಂತೆ ಕೋರ್ಟ್ ಆದೇಶ ಮಾಡುತ್ತದೆ. ಸರ್ಕಾರ ಅದನ್ನು ವಸೂಲಿ ಮಾಡಬಹುದು. ಬಿಟ್ಟದ್ದು ಪೂರ್ತಿ ಮನ್ನಾ ಅಲ್ಲ, ಮುಂದಕ್ಕೆ ಹಾಕಿದ್ದು ಮಾತ್ರ.

ನೂರು ರೂಪಾಯಿಯ ಉದಾಹರಣೆ

ವಿಚಾರಣೆ ಇಲ್ಲದ ಕೇಸಿನಲ್ಲಿ ಖರ್ಚು ಹೇಗೆ ಹಂಚಬೇಕು ಎಂಬುದಕ್ಕೆ ಸಿಪಿಸಿಯಲ್ಲೇ ಒಂದು ಸೊಗಸಾದ ಅಳತೆಗೋಲು ಇದೆ. ಆರ್ಡರ್ 24ರಲ್ಲಿ, ಯಾರೂ ಅಷ್ಟಾಗಿ ನೋಡದ ಮೂಲೆಯಲ್ಲಿ. ಸಾಲ ಅಥವಾ ನಷ್ಟಪರಿಹಾರದ ದಾವೆಯಲ್ಲಿ ಪ್ರತಿವಾದಿ ಹಣವನ್ನು ಕೋರ್ಟಿಗೆ ಕಟ್ಟಿಬಿಡಬಹುದು. ವಾದಿ ‘ಇಷ್ಟು ಸಾಕು’ ಅಂದರೆ ಕೇಸು ಅಲ್ಲಿಗೆ ಮುಗಿಯುತ್ತದೆ. ಆಗ ಖರ್ಚು ಯಾರು ಕೊಡಬೇಕು? ಈ ವ್ಯಾಜ್ಯಕ್ಕೆ ಇಬ್ಬರಲ್ಲಿ ಯಾರು ಹೆಚ್ಚು ಹೊಣೆಯೋ ಅದನ್ನು ನೋಡಿ ತೀರ್ಮಾನಿಸಿ ಎನ್ನುತ್ತದೆ ರೂಲ್ 4.

ಅದಕ್ಕೆ ಮೂರು ಉದಾಹರಣೆಯನ್ನೂ ಕೊಟ್ಟಿದ್ದಾರೆ. ಒಬ್ಬ ಇನ್ನೊಬ್ಬನಿಗೆ 100 ರೂಪಾಯಿ ಕೊಡಬೇಕು. ಸಾಲ ಕೊಟ್ಟವನು ಒಂದು ಮಾತೂ ಕೇಳದೆ ನೇರ ದಾವೆ ಹಾಕಿದ. ದಾವೆ ಬಂದ ಕೂಡಲೇ ಸಾಲಗಾರ ಹಣ ಕಟ್ಟಿದ. ಇಲ್ಲಿ ವಾದಿಗೆ ಖರ್ಚು ಸಿಗಬಾರದು, ದಾವೆಯ ಅಗತ್ಯವೇ ಇರಲಿಲ್ಲ. ಎರಡನೆಯದರಲ್ಲಿ ಸಾಲಗಾರ ಮೊದಲು ಸಾಲವೇ ಇಲ್ಲ ಎಂದು ತಕರಾರು ಮಾಡಿ, ಆಮೇಲೆ ಹಣ ಕಟ್ಟಿದ. ಇಲ್ಲಿ ವಾದಿಗೆ ಖರ್ಚು ಸಿಗಬೇಕು, ದಾವೆ ಹಾಕದೆ ಬೇರೆ ದಾರಿ ಇರಲಿಲ್ಲ ಎಂದು ಸಾಲಗಾರನ ನಡವಳಿಕೆಯೇ ತೋರಿಸಿತು. ಮೂರನೆಯದು ಇನ್ನೂ ಚೆನ್ನಾಗಿದೆ. ಸಾಲಗಾರ 100 ರೂಪಾಯಿ ಕೊಡಲು ತಯಾರಿದ್ದ. ಆದರೆ ವಾದಿ 150 ಕೇಳಿ ದಾವೆ ಹಾಕಿದ. ಸಾಲಗಾರ 100 ಕಟ್ಟಿ, ಉಳಿದ 50ಕ್ಕೆ ಮಾತ್ರ ತಕರಾರು ಮಾಡಿದ. ವಾದಿ 100ಕ್ಕೇ ಒಪ್ಪಿಕೊಂಡ. ಇಲ್ಲಿ ವಾದಿಯೇ ಸಾಲಗಾರನ ಖರ್ಚು ಕೊಡಬೇಕು.

ಗಮನಿಸಿ, ಮೂರರಲ್ಲೂ ಸಾಕ್ಷಿ ವಿಚಾರಣೆ ನಡೆದಿಲ್ಲ. ಆದರೂ ಯಾರಿಂದ ಈ ಜಗಳ ಕೋರ್ಟಿಗೆ ಬಂತು ಎಂದು ಹೇಳಲು ಕಷ್ಟವಾಗಲಿಲ್ಲ. ನೋಟಿಸ್ ಕೊಟ್ಟಿದ್ದರೇ, ಅದಕ್ಕೆ ಉತ್ತರ ಬಂದಿತ್ತೇ, ಯಾವಾಗ ಹಣ ಕಟ್ಟಿದರು ಎಂದು ನಾಲ್ಕು ಕಾಗದ ನೋಡಿದರೆ ಸಾಕು. ‘ವಿಚಾರಣೆ ಆಗಿಲ್ಲ, ಹಾಗಾಗಿ ಖರ್ಚು ಯಾರದ್ದು ಎಂದು ಹೇಳಲು ಆಗದು’ ಎಂಬ ಮಾತು ಅಷ್ಟು ಗಟ್ಟಿ ಅಲ್ಲ ಅನ್ನಿಸುವುದು ಇದಕ್ಕೇ. ಈ ಅಳತೆ ಸಾಲ, ನಷ್ಟಪರಿಹಾರದ ದಾವೆಗಳಿಗೆ ಮಾತ್ರ ಸೀಮಿತವಾಗಿರುವುದು ನಷ್ಟ. ವಾಪಸ್ ಪಡೆದ, ಅರ್ಥ ಕಳೆದುಕೊಂಡ ಎಲ್ಲ ದಾವೆಗಳಿಗೂ ಇದನ್ನು ಹಚ್ಚಲು ಸೆಕ್ಷನ್ 35ರ ವಿವೇಚನೆಯೇ ಸಾಕು.

ಕೋರ್ಟ್ ಫೀ ವಾಪಸ್ ಬರುತ್ತದೆಯೇ?

ಹಣ ವಸೂಲಿ ದಾವೆಯಲ್ಲಿ ವಾದಿಯ ದೊಡ್ಡ ಖರ್ಚು ಕೋರ್ಟ್ ಫೀ. ಕರ್ನಾಟಕದಲ್ಲಿ ಇದಕ್ಕೆ 1958ರ ಕಾಯ್ದೆ ಇದೆ. ಬಹುಕಾಲದಿಂದ ನಡೆದುಬಂದ ದರಪಟ್ಟಿಯಂತೆ 10 ಲಕ್ಷ ರೂಪಾಯಿ ವಸೂಲಿಗೆ ದಾವೆ ಹಾಕಿದರೆ ಫೀ 62,125 ರೂಪಾಯಿ. ಸಾಕ್ಷ್ಯ ದಾಖಲಾಗುವ ಮೊದಲೇ ಇಬ್ಬರೂ ಒಪ್ಪಿ ಕೇಸು ಮುಗಿಸಿಕೊಂಡರೆ ಸೆಕ್ಷನ್ 66ರ ಪ್ರಕಾರ ಅರ್ಧ ಫೀ, ಅಂದರೆ ಸುಮಾರು 31 ಸಾವಿರ ವಾಪಸ್ ಬರುತ್ತದೆ. ಲೋಕ ಅದಾಲತ್‌ನಲ್ಲಿ ಅಥವಾ ಕೋರ್ಟ್ ಕಳಿಸಿದ ಮಧ್ಯಸ್ಥಿಕೆಯಲ್ಲಿ ರಾಜಿಯಾದರೆ ಕೇಂದ್ರದ 1870ರ ಕಾಯ್ದೆಯ ಸೆಕ್ಷನ್ 16ರಂತೆ ಪೂರ್ತಿ ಫೀ ವಾಪಸ್.

ಇಲ್ಲಿ ಒಂದು ವಿಚಿತ್ರ ಇತ್ತು. ಕೋರ್ಟ್ ಕಳಿಸಿ ರಾಜಿಯಾದರೆ ಪೂರ್ತಿ, ಕೋರ್ಟಿನ ನೆರವಿಲ್ಲದೆ ತಾವೇ ಕೂತು ಮಾತಾಡಿ ಮುಗಿಸಿಕೊಂಡರೆ ಕಡಿಮೆ ಅಥವಾ ಇಲ್ಲವೇ ಇಲ್ಲ. ಹೊನ್ನಾಳಿ ತಾಲ್ಲೂಕಿನ ಕೃಷಿ ಉತ್ಪನ್ನ ಸಹಕಾರಿ ಮಾರಾಟ ಸಂಘದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಈ ಭೇದ ಸರಿಯಲ್ಲ ಎಂಬ ನಿಲುವು ತಳೆಯಿತು. 2021ರ ಫೆಬ್ರವರಿಯಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಅದೇ ಮಾತು ಹೇಳಿತು. ಕೋರ್ಟಿನ ಸಮಯ ತೆಗೆದುಕೊಳ್ಳದೆ ತಾವೇ ಬಗೆಹರಿಸಿಕೊಂಡವರಿಗೆ ಈ ಅನುಕೂಲ ಇನ್ನೂ ಹೆಚ್ಚು ಸಲ್ಲಬೇಕು ಎಂಬುದು ಅದರ ತಿರುಳು.

ಆದರೆ ಎರಡು ವಿಷಯ ಮರೆಯಬಾರದು. ಈ ವಾಪಸಾತಿ ಇಬ್ಬರೂ ಒಪ್ಪಿ ಮುಗಿಸಿದ ಕೇಸಿಗೆ. ವಾದಿ ಒಬ್ಬನೇ ಮೆಮೊ ಹಾಕಿ ಹೊರಟರೆ ಅದು ರಾಜಿ ಅಲ್ಲ. ಎರಡನೆಯದು, ಹಣ ಹೋಗುವುದು ಫೀ ಕಟ್ಟಿದವರಿಗೆ, ಅಂದರೆ ವಾದಿಗೆ. ಪ್ರತಿವಾದಿ ವಕೀಲರಿಗೆ ಕೊಟ್ಟ ಹಣ ಸರ್ಕಾರದ ಹತ್ತಿರ ಇಲ್ಲ, ಅದನ್ನು ಯಾರೂ ವಾಪಸ್ ಕೊಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಒಂದೇ ರಾಜಿಯಿಂದ ವಾದಿಗೆ 62 ಸಾವಿರದವರೆಗೂ ವಾಪಸ್ ಬರಬಹುದು, ಪ್ರತಿವಾದಿಗೆ ಏನೂ ಇಲ್ಲ. ರಾಜಿ ಮಾತುಕತೆಯಲ್ಲಿ ಈ ಲೆಕ್ಕವನ್ನೂ ಮೇಜಿನ ಮೇಲೆ ಇಡಬೇಕು ಅಲ್ವಾ? ಬಹಳ ಸಲ ಪ್ರತಿವಾದಿಗೆ ಇದು ಗೊತ್ತೇ ಇರುವುದಿಲ್ಲ.

3,000 ರೂಪಾಯಿಯ ಮಿತಿ

ಇಲ್ಲಿವರೆಗೆ ಹೇಳಿದ್ದು ಪ್ರಾಮಾಣಿಕ ವ್ಯಾಜ್ಯಗಳ ಮಾತು. ಕೆಲವು ದಾವೆಗಳ ಉದ್ದೇಶವೇ ಬೇರೆ. ಸೈಟಿನ ಮೇಲೆ ಒಂದು ದಾವೆ ಹಾಕಿ ತಡೆಯಾಜ್ಞೆ ತರುತ್ತಾರೆ. ಕೇಸು ಇದೆ ಎಂದ ಕೂಡಲೇ ಬ್ಯಾಂಕ್ ಸಾಲ ಕೊಡುವುದಿಲ್ಲ, ಕೊಳ್ಳುವವರು ಹಿಂದೆ ಸರಿಯುತ್ತಾರೆ. ಒಂದೆರಡು ವರ್ಷ ಆದ ಮೇಲೆ ‘ಇಷ್ಟು ಕೊಟ್ಟರೆ ವಾಪಸ್ ತೆಗೆದುಕೊಳ್ಳುತ್ತೇವೆ’ ಎಂಬ ಮಾತು ಬರುತ್ತದೆ. ಪ್ರತಿವಾದಿ ಸೋತು ಹಣ ಕೊಡುತ್ತಾನೆ. ಮೆಮೊ ಬೀಳುತ್ತದೆ. ದಾವೆ ಸುಳ್ಳೋ ನಿಜವೋ ಎಂದು ಯಾವ ನ್ಯಾಯಾಧೀಶರೂ ಹೇಳಬೇಕಾಗಿ ಬರಲೇ ಇಲ್ಲ.

ಇಂಥದ್ದಕ್ಕೆ ಸೆಕ್ಷನ್ 35ಎ ಇದೆ. ದಾವೆ ಸುಳ್ಳು, ಪೀಡಿಸಲೆಂದೇ ಹಾಕಿದ್ದು, ಅದು ವಾದಿಗೂ ಗೊತ್ತಿತ್ತು ಎಂದಾದರೆ ಪರಿಹಾರ ರೂಪದ ಖರ್ಚು ಕೊಡಿಸಬಹುದು. ದಾವೆ ವಜಾ ಆದಾಗ ಮಾತ್ರವಲ್ಲ, ವಾಪಸ್ ತೆಗೆದುಕೊಂಡಾಗಲೂ, ಬಿಟ್ಟುಕೊಟ್ಟಾಗಲೂ ಇದು ಅನ್ವಯ ಎಂದು ಸೆಕ್ಷನ್ನಿನಲ್ಲೇ ಬರೆದಿದೆ. ಮೆಮೊ ಹಾಕಿ ಓಡಿಹೋಗಬಹುದು ಎಂದು ಎಣಿಸಿದವರಿಗೆ ಕಾನೂನು ಮೊದಲೇ ತಡೆ ಇಟ್ಟಿದೆ. ಆದರೆ ಗರಿಷ್ಠ ಮೊತ್ತ 3,000 ರೂಪಾಯಿ. 1976ರ ತಿದ್ದುಪಡಿಯಲ್ಲಿ 1,000ದಿಂದ ಏರಿಸಿದ್ದು, ಇವತ್ತಿಗೂ ಅಷ್ಟೇ. ಬೆಂಗಳೂರಿನಲ್ಲಿ ಒಂದು ಸೈಟಿನ ವ್ಯಾಜ್ಯ ಎಷ್ಟು ಬೆಲೆಯದು ಎಂದು ಯೋಚಿಸಿದರೆ ಈ ಮೊತ್ತಕ್ಕೆ ಯಾರೂ ಹೆದರುವುದಿಲ್ಲ ಎಂಬುದು ಗೊತ್ತಾಗುತ್ತದೆ. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ತಂದಿದ್ದರೆ ಸೆಕ್ಷನ್ 95ರಡಿ ಪರಿಹಾರ ಕೇಳಬಹುದು. ಅದಕ್ಕೂ 50,000 ರೂಪಾಯಿ ಮಿತಿ.

ಸುಪ್ರೀಂ ಕೋರ್ಟ್ ಈ ಬಗ್ಗೆ ಹಲವು ಸಲ ಬೇಸರ ತೋರಿಸಿದೆ. 2005ರಲ್ಲಿ, ಖರ್ಚು ಎಂದರೆ ನಿಜಕ್ಕೂ ಆದ, ಸಮಂಜಸವಾದ ಖರ್ಚು ಇರಬೇಕು, ಕಳೆದ ಸಮಯ, ಪ್ರಯಾಣ, ವಸತಿ ಎಲ್ಲವನ್ನೂ ಲೆಕ್ಕ ಹಿಡಿಯಬೇಕು, ಹೈಕೋರ್ಟುಗಳು ಅದಕ್ಕೆ ನಿಯಮ ಮಾಡಬೇಕು ಎಂದಿತು. 2011ರಲ್ಲಿ ಇನ್ನೊಂದು ಪ್ರಕರಣ ಬಂತು. ದೆಹಲಿ ಹೈಕೋರ್ಟ್ ಒಂದು ಮೇಲ್ಮನವಿಯಲ್ಲಿ ಗೆದ್ದವರು ವಕೀಲರಿಗೆ ಕೊಟ್ಟ ಹಣ ನೋಡಿ 45 ಲಕ್ಷಕ್ಕೂ ಹೆಚ್ಚು ಖರ್ಚು ಕೊಡಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಉಳಿಸಲಿಲ್ಲ, ಈಗಿನ ನಿಯಮ ಮೀರಿ ಕೊಡಿಸಲು ಬರುವುದಿಲ್ಲ ಎಂದಿತು. ಅದೇ ತೀರ್ಪಿನಲ್ಲಿ 35ಎ ಮಿತಿಯನ್ನು ಕನಿಷ್ಠ 1 ಲಕ್ಷಕ್ಕೆ ಏರಿಸಿ ಎಂಬ ಸಲಹೆಯನ್ನೂ ಕೊಟ್ಟಿತು. 2012ರಲ್ಲಿ ಕಾನೂನು ಆಯೋಗ ತನ್ನ 240ನೇ ವರದಿಯನ್ನು ಪೂರ್ತಿ ಈ ವಿಷಯಕ್ಕೇ ಮೀಸಲಿಟ್ಟಿತು. ಸಾಮಾನ್ಯ ಸಿವಿಲ್ ದಾವೆಗಳ ಮಿತಿ ಮಾತ್ರ ಕದಲಲಿಲ್ಲ.

ಜಾಸ್ತಿ ಮಾಡಿದರೆ ಬಡವರ ಗತಿ?

ಖರ್ಚು ಬಿಗಿ ಮಾಡಬೇಕು ಎನ್ನುವುದಕ್ಕೆ ಎದುರು ವಾದವೂ ಇದೆ, ಅದು ಹಗುರವಾದದ್ದಲ್ಲ. ದೊಡ್ಡ ಬಿಲ್ಡರ್ ವಿರುದ್ಧ ಒಬ್ಬ ಸಣ್ಣ ರೈತ ದಾವೆ ಹಾಕಬೇಕು ಅಂದುಕೊಳ್ಳಿ. ಸೋತರೆ ಅಥವಾ ಮಧ್ಯದಲ್ಲಿ ಕೈಬಿಟ್ಟರೆ ಬಿಲ್ಡರ್‌ನ ವಕೀಲರ ಪೂರ್ತಿ ಫೀಸು ಕೊಡಬೇಕು ಎಂದಾದರೆ ಅವನು ಕೋರ್ಟಿನ ಮೆಟ್ಟಿಲೇ ಹತ್ತುವುದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣ ಈ ಭಯವನ್ನು ಚೆನ್ನಾಗಿ ತೋರಿಸುತ್ತದೆ. ಸೋತರೆ 25 ಲಕ್ಷ ಕೊಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡುವಂತೆ ವಾದಿಗೆ ದೆಹಲಿ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಖರ್ಚಿನ ನಿಯಮ ಸುಳ್ಳು ದಾವೆ ತಡೆಯಬೇಕು, ಆದರೆ ನಿಜವಾದ ಅಹವಾಲು ಇರುವವರಿಗೆ ಕೋರ್ಟಿನ ಬಾಗಿಲು ಮುಚ್ಚಬಾರದು ಎಂದಿತು.

ಇನ್ನೊಂದು ಆತಂಕ: ವಾಪಸ್ ತೆಗೆದುಕೊಂಡರೆ ದಂಡ ಬೀಳುತ್ತದೆ ಎಂದಾದರೆ ಯಾರೂ ವಾಪಸ್ ತೆಗೆದುಕೊಳ್ಳುವುದೇ ಇಲ್ಲ. ಸೋಲುವುದು ಖಚಿತ ಎಂದು ಗೊತ್ತಿದ್ದರೂ ಎಳೆಯುತ್ತಾರೆ, ಬಾಕಿ ಇನ್ನಷ್ಟು ಬೆಳೆಯುತ್ತದೆ. ಖರ್ಚಿನ ಪ್ರಶ್ನೆಗೇ ಒಂದು ಪ್ರತ್ಯೇಕ ಜಗಳ ಹುಟ್ಟಿಕೊಳ್ಳುವ ಅಪಾಯವೂ ಇದೆ.

ಈ ವಾದದಲ್ಲಿ ನಿಜ ಇದೆ. ಆದರೆ ಈಗಿನ ಪದ್ಧತಿಯೂ ಬಡವರನ್ನು ಕಾಯುತ್ತಿಲ್ಲ. ಸುಳ್ಳು ದಾವೆಗೆ ಸಿಕ್ಕಿಬೀಳುವವರಲ್ಲಿ ಬಡವರೂ ಇದ್ದಾರೆ, ಅವರು ಪ್ರತಿವಾದಿಗಳು. ಅವರ ಒಂದೊಂದು ಡೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ. ಎಲ್ಲರಿಗೂ ಒಂದೇ ಸಮನೆ ‘ಅವರವರ ಖರ್ಚು ಅವರವರದ್ದು’ ಎಂದಾಗ, ಹಣ ಇರುವವರಿಗೆ ದಾವೆ ಒಂದು ಒತ್ತಡದ ಸಾಧನ ಆಗುತ್ತದೆ, ಇಲ್ಲದವರಿಗೆ ಹೊರೆ. ಯಾರಿಂದ ಜಗಳ ಕೋರ್ಟಿಗೆ ಬಂತು ಎಂದು ಕೇಳಿ, ವಾದಿಯ ಶಕ್ತಿಯನ್ನೂ ನೋಡಿ ಮೊತ್ತ ನಿಗದಿ ಮಾಡಿದರೆ ರೈತನಿಗೂ ಅನ್ಯಾಯವಾಗುವುದಿಲ್ಲ. ವಿವೇಚನೆ ಎಂಬುದು ಇರುವುದೇ ಇದಕ್ಕೆ. ಬೇಗ ವಾಪಸ್ ತೆಗೆದುಕೊಂಡವರಿಗೆ ಕಡಿಮೆ, ವರ್ಷಗಟ್ಟಲೆ ತಡೆಯಾಜ್ಞೆ ಅನುಭವಿಸಿ ವಾಪಸ್ ತೆಗೆದುಕೊಂಡವರಿಗೆ ಹೆಚ್ಚು ಎಂದು ಮಾಡಿದರೆ ಎಳೆಯುವ ಆಸೆಯೂ ಕಡಿಮೆಯಾಗುತ್ತದೆ.

ಬೇರೆ ಕಡೆ ಹೇಗೆ?

ನಮ್ಮಲ್ಲೇ ವಾಣಿಜ್ಯ ವ್ಯಾಜ್ಯಗಳಿಗೆ 2015ರ ವಾಣಿಜ್ಯ ಕೋರ್ಟುಗಳ ಕಾಯ್ದೆ ಬೇರೆ ದಾರಿ ಹಿಡಿದಿದೆ. ಅಲ್ಲಿ 3,000 ರೂಪಾಯಿ ಮಿತಿ ತೆಗೆದುಹಾಕಿದ್ದಾರೆ. ಖರ್ಚು ನಿಗದಿ ಮಾಡುವಾಗ ಪಕ್ಷಗಾರರ ನಡವಳಿಕೆ ನೋಡಬೇಕು, ಸಮಂಜಸವಾದ ರಾಜಿ ಪ್ರಸ್ತಾಪವನ್ನು ಕಾರಣವಿಲ್ಲದೆ ತಳ್ಳಿಹಾಕಿದ್ದಾರೆಯೇ ನೋಡಬೇಕು ಎಂದಿದೆ. ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮೊದಲೇ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಕಂಪನಿಗಳ ಜಗಳಕ್ಕೆ ಇಷ್ಟು ಸ್ಪಷ್ಟ ನಿಯಮ ಇದೆ, ಮನೆ ಜಮೀನಿನ ಜಗಳಕ್ಕೆ ಇಲ್ಲ.

ಇಂಗ್ಲೆಂಡಿನಲ್ಲಿ ವಾದಿ ಕೇಸು ನಿಲ್ಲಿಸಿದರೆ, ನಿಲ್ಲಿಸಿದ ನೋಟಿಸ್ ಕೊಟ್ಟ ದಿನದವರೆಗಿನ ಪ್ರತಿವಾದಿಯ ಖರ್ಚಿಗೆ ವಾದಿ ಹೊಣೆ. ಆ ಹೊಣೆ ತಪ್ಪಿಸಿಕೊಳ್ಳಬೇಕಾದರೆ ವಾದಿಯೇ ಕೋರ್ಟಿಗೆ ಕಾರಣ ಹೇಳಬೇಕು. ಸಣ್ಣ ಮೊತ್ತದ ಕೇಸುಗಳಿಗೆ ಈ ನಿಯಮ ಇಲ್ಲ, ಅದು ಸಾಮಾನ್ಯ ಜನರಿಗೆ ರಕ್ಷಣೆ. ನಮ್ಮಲ್ಲಿ ಪ್ರತಿವಾದಿ ಕೇಳಬೇಕು, ಅಲ್ಲಿ ವಾದಿ ವಿನಾಯಿತಿ ಕೇಳಬೇಕು. ವ್ಯತ್ಯಾಸ ಅಷ್ಟೇ, ಪರಿಣಾಮ ಮಾತ್ರ ದೊಡ್ಡದು.

ಅಮೆರಿಕದಲ್ಲಿ ಸಾಮಾನ್ಯವಾಗಿ ಗೆದ್ದರೂ ಸೋತರೂ ವಕೀಲರ ಫೀಸು ಅವರವರದ್ದೇ. ನಾಗರಿಕ ಹಕ್ಕುಗಳ ಕೇಸುಗಳಲ್ಲಿ ಗೆದ್ದವರಿಗೆ ಫೀಸು ಕೊಡಿಸಬಹುದು ಎಂಬ ವಿನಾಯಿತಿ ಇದೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನೂ ಕಿರಿದು ಮಾಡಿತು. ದಂಡ ಕಟ್ಟದವರ ಡ್ರೈವಿಂಗ್ ಲೈಸೆನ್ಸ್ ಅಮಾನತು ಮಾಡುವ ವರ್ಜೀನಿಯಾ ರಾಜ್ಯದ ಕಾನೂನಿಗೆ ಕೆಲವರು ತಾತ್ಕಾಲಿಕ ತಡೆ ತಂದಿದ್ದರು. ಕೇಸು ನಡೆಯುತ್ತಿರುವಾಗಲೇ ರಾಜ್ಯ ಆ ಕಾನೂನನ್ನು ರದ್ದು ಮಾಡಿತು. ಕೇಸು ಅಲ್ಲಿಗೆ ಅರ್ಥ ಕಳೆದುಕೊಂಡಿತು. ತಾತ್ಕಾಲಿಕ ತಡೆ ಸಿಕ್ಕ ಮಾತ್ರಕ್ಕೆ ಗೆದ್ದಂತಲ್ಲ, ಫೀಸು ಇಲ್ಲ ಎಂದಿತು ಕೋರ್ಟ್. ಬೇಕಾದದ್ದು ಸಿಕ್ಕಿತು, ಖರ್ಚು ಮಾತ್ರ ಸಿಗಲಿಲ್ಲ.

ಈಗ ಕೈಯಲ್ಲಿರುವುದು

ಕಾನೂನು ತಿದ್ದುಪಡಿ ಆಗುವವರೆಗೆ ಕಾಯಬೇಕಿಲ್ಲ. ಪ್ರತಿವಾದಿಯಾಗಿ ಕೇಸಿಗೆ ಹೋದ ಮೊದಲ ದಿನದಿಂದ ರಸೀದಿ ಇಟ್ಟುಕೊಳ್ಳಬೇಕು, ವಕೀಲರ ಫೀಸಿಗೂ ಕೇಳಿ ರಸೀದಿ ಪಡೆಯಬೇಕು. ದಾವೆ ಸುಳ್ಳು, ಪೀಡಿಸಲು ಹಾಕಿದ್ದು ಎಂಬ ಆಕ್ಷೇಪವನ್ನು ಉತ್ತರದಲ್ಲಿ ಆರಂಭದಲ್ಲೇ ಬರೆಸಬೇಕು. ಆಕ್ಷೇಪ ಎತ್ತದಿದ್ದರೆ 35ಎ ಸಿಗುವುದಿಲ್ಲ. ವಾಪಸ್ ಮೆಮೊ ಬಂದ ದಿನ ‘ನೋ ಅಬ್ಜೆಕ್ಷನ್’ ಎನ್ನುವ ಮೊದಲು ‘ಖರ್ಚಿಗೆ ಒಳಪಟ್ಟು’ ಎಂದು ಹೇಳುವಂತೆ ವಕೀಲರಿಗೆ ಮೊದಲೇ ತಿಳಿಸಿ, ಖರ್ಚಿನ ಪಟ್ಟಿಯನ್ನು ಕೋರ್ಟಿಗೆ ಕೊಡಬೇಕು. ಆದೇಶ ಆದರೆ ಅದನ್ನು ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು.

ನ್ಯಾಯಾಧೀಶರ ಕಡೆಯಿಂದ ಬೇಕಿರುವುದು ಆರ್ಡರ್ ಶೀಟಿನಲ್ಲಿ ಎರಡು ಸಾಲು: ಖರ್ಚು ಕೊಡಿಸಿದ್ದೇವೆ, ಏಕೆಂದರೆ ಹೀಗೆ. ಅಥವಾ ಕೊಡಿಸಿಲ್ಲ, ಏಕೆಂದರೆ ಹೀಗೆ.

ರಾಜಿಯಲ್ಲಿ ಮುಗಿಸುವವರು ರಾಜಿ ಅರ್ಜಿಯಲ್ಲೇ ಖರ್ಚಿನ ಕಲಂ ಬರೆಸಬೇಕು. ಕೋರ್ಟ್ ಫೀ ವಾಪಸ್ ಬಂದರೆ ಅದು ಯಾರಿಗೆ, ಹಂಚಿಕೊಳ್ಳುವುದಾದರೆ ಎಷ್ಟೆಷ್ಟು, ಕೋರ್ಟ್ ನೇಮಿಸಿದ ಕಮಿಷನರ್ ಮಾಡಿದ ಸರ್ವೆಗೆ ಕಟ್ಟಿದ್ದ ಹಣ ಯಾರ ಲೆಕ್ಕ, ಎಲ್ಲವೂ ಅದರಲ್ಲಿರಲಿ. ಲೋಕ ಅದಾಲತ್‌ನಲ್ಲಿ ಸಹಿ ಹಾಕುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿನ ಅವಾರ್ಡ್, ಅಂದರೆ ತೀರ್ಮಾನ, ಅಂತಿಮ, ಅದರ ವಿರುದ್ಧ ಮೇಲ್ಮನವಿ ಇಲ್ಲ.